ಗುರುಗುಟ್ಟುವ ಡಬ್ಬ ಮತ್ತು ತಲೆಕೆಳಗಾದ ರಾಜ

ನಮ್ಮ ಮನೆಯ ಹಿಂದಿನ ವರಾಂಡದಲ್ಲಿ ಒಂದು ಯಂತ್ರವಿದೆ. ಅದನ್ನು ರಾಕ್ ಟಂಬ್ಲರ್ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ಎರಡು ಉರುಳೆ, ಅವನ್ನು ತಿರುಗಿಸಲು ಒಂದು ಪುಟ್ಟ ಮೋಟಾರು, ಉರುಳೆಗಳ ಮೇಲೆ ಅಡ್ಡ ಮಲಗಿದ ಒಂದು ರಬ್ಬರ್ ಡಬ್ಬ, ಇಷ್ಟೇ ಅದರ ಸಂಸಾರ. ಡಬ್ಬದೊಳಗೆ ಒರಟು ಕಲ್ಲು, ನೀರು, ಉಜ್ಜುವ ಪುಡಿ ಹಾಕಿ, ಮುಚ್ಚಳ ಬಿಗಿದು, ಸ್ವಿಚ್ಚು ಒತ್ತಿಬಿಟ್ಟರೆ ಅದು ತನ್ನ ಪಾಡಿಗೆ ಉರುಳುತ್ತಿರುತ್ತದೆ. ವಾರಗಟ್ಟಲೆ ಉರುಳಿದ ಮೇಲೆ ಕಲ್ಲುಗಳು ಮೂಲೆಮೊನೆ ಕಳೆದುಕೊಂಡು ನುಣ್ಣಗೆ ಹೊರಬರುತ್ತವೆ. ಹೊಳೆ ಸಾವಿರಾರು ವರ್ಷ ಮಾಡುವ ಕೆಲಸವನ್ನು ನಾನು ನನ್ನ ವರಾಂಡದಲ್ಲಿ ಮಾಡಿಸುತ್ತೇನೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತೇನೆ. ಯಾರೂ ಅಷ್ಟಾಗಿ ಬೆರಗಾಗುವುದಿಲ್ಲ.

ನಾನು ಅರಸೀಕೆರೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಂ. ಪ್ರತಿ ವರ್ಷ ಮಕ್ಕಳನ್ನು ಹಳೇಬೀಡಿಗೆ ಪ್ರವಾಸ ಕರೆದುಕೊಂಡು ಹೋಗುವುದು ನನ್ನ ತಲೆಗೆ ಕಟ್ಟಿದ ಕೆಲಸ. ಅದೇ ಆನೆ ಸಾಲು, ಅದೇ ಕುದುರೆ ಸಾಲು, ಎಷ್ಟು ಸಲ ಅಂತ ನೋಡುವುದು? ಮಕ್ಕಳು ದೇವಸ್ಥಾನದ ಗೋಡೆ ನೋಡುವಾಗ ನಾನು ರಸ್ತೆಬದಿಯ ಜಲ್ಲಿ ರಾಶಿ ನೋಡಲು ಶುರು ಮಾಡಿದೆ. ಅಲ್ಲಿಂದ ಹಿಡಿದ ಹುಚ್ಚು ಇದು. ಕೆರೆ ಏರಿ, ಹೊಲದ ಬದು, ಎಲ್ಲಿ ಹೋದರೂ ನನ್ನ ಕೈಚೀಲ ಬರುವಾಗ ಭಾರವಾಗಿರುತ್ತದೆ. ಕೊನೆಗೆ ಒಂದು ದಿನ ಆನ್‌ಲೈನಿನಲ್ಲಿ ಈ ಯಂತ್ರ ತರಿಸಿದೆ.

ನನ್ನ ಗಂಡ ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಜಂಕ್ಷನ್ನಿನ ಪಕ್ಕದ ಕ್ವಾರ್ಟರ್ಸಿನಲ್ಲಿ ಗೂಡ್ಸ್ ಗಾಡಿ ಹೋಗುವಾಗ ಮಂಚ ಅಲ್ಲಾಡಿದರೂ ಗೊರಕೆ ಹೊಡೆದವರು, ಈ ಯಂತ್ರದ ಗುರುಗುರು ಸದ್ದಿಗೆ ನಿದ್ದೆ ಬರುವುದಿಲ್ಲ ಎಂದು ದೂರುತ್ತಾರೆ. ನಮ್ಮೊಂದಿಗೇ ಇರುವ ನನ್ನ ಅಮ್ಮನಿಗೆ ಅದು ಬರೀ ‘ಗುರುಗುಟ್ಟೋ ಡಬ್ಬ’. “ಕಲ್ಲು ತೊಳೆಯೋಕೆ ಕರೆಂಟು ಸುಡ್ತಾಳಲ್ಲಪ್ಪ, ಇವಳಿಗೆ ಯಾರು ಮೇಡಂ ಕೆಲಸ ಕೊಟ್ರು” ಎಂದು ಅಳಿಯನ ಹತ್ತಿರ ಚಾಡಿ ಹೇಳುತ್ತಾಳೆ. ಅಮ್ಮನಿಗೆ ಎಪ್ಪತ್ತೈದು ದಾಟಿದೆ. ಮೂಗಿನ ತುದಿಯಲ್ಲಿ ಕೋಪ. ಅದರಲ್ಲಿ ಅರ್ಧ ನನಗೂ ಬಂದಿದೆ, ಹಾಗಾಗಿ ನಮ್ಮಿಬ್ಬರ ನಡುವೆ ದಿನಕ್ಕೊಂದು ಸಣ್ಣ ಯುದ್ಧ ಇದ್ದೇ ಇರುತ್ತದೆ.

ಕಣಕಟ್ಟೆಯ ಕಡೆ ಅಪ್ಪನ ಕಾಲದ ಒಂದು ಚೂರು ತೆಂಗಿನ ತೋಟ ಉಳಿದಿದೆ. ಅಲ್ಲಿದ್ದ ಮನೆ ಯಾವತ್ತೋ ಬೇರೆಯವರದಾಯಿತು, ತೋಟ ಮಾತ್ರ ನನ್ನ ಹೆಸರಿಗೆ ಬಂತು. ಈಚೆಗೆ ಅಲ್ಲೊಂದು ಮುದಿ ಮರದ ತಲೆ ಒಣಗಿ, ಗಾಳಿ ಬಂದರೆ ಪಂಪ್‌ಸೆಟ್ಟಿನ ಮನೆಯ ಮೇಲೆ ಬೀಳುತ್ತದೆ ಎನ್ನುವ ಹಾಗಾಯಿತು. ಅದನ್ನು ಬೇರುಸಮೇತ ತೆಗೆಸಬೇಕು ಎಂದಾಗ ಅಮ್ಮ ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು. ಅದು ಬರೀ ಮರವಾಗಿರಲಿಲ್ಲ. ಅದು ಲಕ್ಷ್ಮಿ ಮರ.

ಈ ಲಕ್ಷ್ಮಿ ಮರದ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ನೀರಿನೊಳಗೆ ಒಂದು ಚಿಲ್ಲರೆ ನಾಣ್ಯ ಹಾಕುತ್ತಿದ್ದರು. ಮಾರನೆಯ ಬೆಳಗ್ಗೆ ಆ ನೀರನ್ನು ನಾಣ್ಯದ ಸಮೇತ ಇದೇ ಮರದ ಬುಡಕ್ಕೆ ಸುರಿಯಬೇಕು. ಸುರಿದವಳು ಹಿಂತಿರುಗಿ ನೋಡದೆ ಬರಬೇಕು. ಕೊಟ್ಟಿದ್ದನ್ನು ತಿರುಗಿ ನೋಡಿದರೆ ಲಕ್ಷ್ಮಿಗೆ ಬೇಜಾರಾಗುತ್ತದಂತೆ. ಆ ಬುಡಕ್ಕೆ ಗುದ್ದಲಿ ಹಾಕುವಂತಿಲ್ಲ, ಪಾತಿ ಮಾಡುವಂತಿಲ್ಲ. ಮೇಲಿಂದ ಮೇಲೆ ಗೊಬ್ಬರ ಸುರಿಯಬಹುದು, ಅಷ್ಟೇ. ಬೇರೆ ಮನೆಗಳಲ್ಲಿ ಹೀಗಿಲ್ಲ ಎಂದು ನಾನು ಚಿಕ್ಕವಳಿದ್ದಾಗ ವಾದ ಮಾಡಿ ಬೈಸಿಕೊಂಡಿದ್ದೇನೆ.

ಜೆಸಿಬಿ ಬಂದು ಮರ ಕಿತ್ತ ದಿನ ನಾನೂ ಗಂಡನೂ ಅಲ್ಲೇ ಇದ್ದೆವು. ಬುಡ ಮಗುಚಿದಾಗ ಬೇರಿನ ಜಡೆಯೊಳಗೆ ಮಣ್ಣು, ಹಸಿರು ಕಿಲುಬು, ಅದರ ನಡುವೆ ದುಂಡುದುಂಡಗೆ ಏನೇನೋ ಕಂಡಿತು. ಜೆಸಿಬಿ ಓಡಿಸುವವನು ಇಂಜಿನ್ ನಿಲ್ಲಿಸಿ ಕೆಳಗೆ ಹಾರಿದ. “ಮೇಡಂ, ನಿಧಿ ಐತೆ!” ಎಂದು ಅವನು ಕೂಗಿದ್ದೇ ತಡ, ಅಕ್ಕಪಕ್ಕದ ತೋಟದವರೆಲ್ಲ ಹಾಜರು. ಮಧ್ಯಾಹ್ನದ ಹೊತ್ತಿಗೆ ಕಣಕಟ್ಟೆಯ ಬಸ್‌ಸ್ಟಾಪಿನಲ್ಲಿ ಹೊಯ್ಸಳರ ಹೊನ್ನು ಸಿಕ್ಕಿದೆ ಅಂತ ಸುದ್ದಿ. ನಾನು ಒಂದು ನಾಣ್ಯವನ್ನು ಸೀರೆ ಸೆರಗಿನಲ್ಲಿ ಉಜ್ಜಿ ತೋರಿಸಿದೆ. ನಾಲ್ಕಾಣೆ. ಇನ್ನೊಂದು ಉಜ್ಜಿದೆ. ಎಂಟಾಣೆ. “ಥತ್, ಇಷ್ಟೇನಾ” ಎಂದು ಒಬ್ಬರು ಬೇಸರದಿಂದ ಟವೆಲ್ ಕೊಡವಿಕೊಂಡು ಹೊರಟರು. ನನಗಂತೂ ನಿಜವಾದ ಹೊನ್ನು ಸಿಕ್ಕಿದ್ದರೂ ಅಷ್ಟು ಖುಷಿಯಾಗುತ್ತಿರಲಿಲ್ಲ. ಊಟದ ಡಬ್ಬಿಯ ಚಿತ್ರಾನ್ನವನ್ನು ಗಂಡನಿಗೆ ಬಾಳೆ ಎಲೆಯ ಮೇಲೆ ಬಡಿಸಿ, ಅದೇ ಡಬ್ಬಿಗೆ ನಾಣ್ಯಗಳನ್ನು ತುಂಬಿದೆ. ಕೆಲವು ಬಿಡಿಬಿಡಿಯಾಗಿದ್ದವು. ಕೆಲವು ಒಂದಕ್ಕೊಂದು ಅಂಟಿ ಕಜ್ಜಾಯದ ಹಾಗೆ ಒಂದೇ ಮುದ್ದೆಯಾಗಿದ್ದವು.

ಮನೆಗೆ ತಂದ ಕೂಡಲೇ ಅಮ್ಮ ಮಾತು ಬಿಟ್ಟಿದ್ದನ್ನು ಮರೆತಳು. ನಾಣ್ಯಗಳನ್ನು ಮೊರದಲ್ಲಿ ಹರಡಿಕೊಂಡು ಕೂತು, “ಇದು ನೀನು ಹುಟ್ಟಿದ ವರ್ಷದ್ದಿರಬೇಕು, ಇದು ಕೆಂಪು ಹಸು ಈದ ವರ್ಷದ್ದು” ಎಂದು ಗುರುತು ಸಿಗದ ಮಣ್ಣುಂಡೆಗಳಿಗೆಲ್ಲ ಜಾತಕ ಹೇಳತೊಡಗಿದಳು. ಹಾಗೆ ಹೇಳುತ್ತ ಹೇಳುತ್ತ ಮಾತು ಬೆಳ್ಳಿ ರೂಪಾಯಿಗೆ ಬಂತು. ನನಗೆ ಗೊತ್ತಿತ್ತು, ಬಂದೇ ಬರುತ್ತದೆ ಅಂತ.

ಅಮ್ಮನ ಮದುವೆಯಲ್ಲಿ ಅವಳ ತಾಯಿ ಒಂದು ಬೆಳ್ಳಿ ರೂಪಾಯಿ ಕೊಟ್ಟಿದ್ದರಂತೆ, ರಾಜನ ತಲೆ ಇದ್ದದ್ದು. ಮೊದಮೊದಲು ಅದಕ್ಕೆ ಸರದಲ್ಲಿ ಪೋಣಿಸಲು ಒಂದು ಕೊಂಡಿ ಇತ್ತು. ಬೆಸುಗೆ ಹಾಕಿದ ಅಕ್ಕಸಾಲಿ ಯಾವ ಲೋಕದಲ್ಲಿದ್ದನೋ, ಕೊಂಡಿಯನ್ನು ರಾಜನ ಕತ್ತಿನ ಕೆಳಗೆ ಕೂರಿಸಿಬಿಟ್ಟಿದ್ದ. ಸರ ಹಾಕಿಕೊಂಡರೆ ರಾಜ ತಲೆಕೆಳಗಾಗಿ ನೇತಾಡುತ್ತಿದ್ದ. ಮದುವೆ ಮನೆಯಲ್ಲಿ ಎಲ್ಲರೂ ನಕ್ಕರೆಂದು ಅಮ್ಮ ಸಿಟ್ಟಿನಿಂದ ಕೊಂಡಿಯನ್ನು ಮುರಿದು ಹಾಕಿದಳು. ಅಂಚಿನಲ್ಲಿ ಒಂದು ಸಣ್ಣ ಗಂಟು ಮಾತ್ರ ಉಳಿಯಿತು. ಆಮೇಲೆ ಅದು ಪೂಜೆಯ ನಾಣ್ಯವಾಯಿತು. ಹಬ್ಬದ ದಿನ ಕಲಶದ ಹೊಟ್ಟೆಗೆ ಅರಿಶಿನದ ಉಂಡೆ ಒತ್ತಿ ಅದರ ಮೇಲೆ ಈ ರೂಪಾಯಿ ಅಂಟಿಸುವುದು, ಮಾರನೆಯ ದಿನ ನೀರು ಸುರಿಯಲು ಹೋಗುವ ಮೊದಲು ಅದನ್ನು ಬಿಡಿಸಿ ಡಬ್ಬಿಯಲ್ಲಿಡುವುದು.

ಒಂದು ವರ್ಷ ಅದು ಕಳೆದುಹೋಯಿತು. “ನಾಣ್ಯ ತೆಗೆದಿಡೇ ಅಂದೆ, ಹೂಂ ಅಂದ್ಲು” ಅನ್ನುವುದು ಅಮ್ಮನ ಹೇಳಿಕೆ. ಹೂಂ ಅಂದವಳು ನನ್ನ ಸೋದರತ್ತೆ, ಅಪ್ಪನ ತಂಗಿ. ಆಗ ಅವಳಿಗೆ ಬೇಲೂರಿನ ಸಂಬಂಧ ನಿಶ್ಚಯವಾಗಿತ್ತು, ಮದುವೆಗೆ ಮೊದಲು ಮನೆಯಲ್ಲಿ ಕಳೆದ ಕೊನೆಯ ಹಬ್ಬ ಅದು. ನಾಣ್ಯ ಡಬ್ಬಿಯಲ್ಲಿರಲಿಲ್ಲ. ಅತ್ತೆ ನಾನು ತೆಗೆದುಕೊಂಡಿಲ್ಲ ಎಂದಳು. ಅಮ್ಮ ನಂಬಲಿಲ್ಲ. ಮದುವೆಯಾಗಿ ಬೇಲೂರಿಗೆ ಹೋದ ಅತ್ತೆ ಮುಂದಿನ ಗೌರಿ ಹಬ್ಬಕ್ಕೆ ತವರಿಗೆ ಬಂದು ಹೋದ ಮೇಲೆ, ರಾಗಿ ಗುಡಾಣದ ತಳದಲ್ಲಿ ರೂಪಾಯಿ ಸಿಕ್ಕಿತು! ಗಂಟು ಸಮೇತ. ಅಲ್ಲಿಗೆ ಅಮ್ಮನ ತೀರ್ಪು ಮುಗಿಯಿತು. ಕದ್ದವಳೇ ತಂದಿಟ್ಟು ಹೋಗಿದ್ದಾಳೆ.

ಬಾಯಿಬಿಟ್ಟು ಜಗಳ ಆಡಿದವರಲ್ಲ ಇಬ್ಬರೂ. ಆದರೆ ಅತ್ತೆ ನಮ್ಮ ಮನೆಗೆ ಬಂದಾಗಲೆಲ್ಲ ಅಮ್ಮ ಪೂಜೆ ಡಬ್ಬಿಯನ್ನು ತನ್ನ ಸೀರೆಯ ಟ್ರಂಕಿಗೆ ಹಾಕಿ ಬೀಗ ಹಾಕುತ್ತಾಳೆ, ಎಲ್ಲರಿಗೂ ಕೇಳುವ ಹಾಗೆ. ಅತ್ತೆ ನಗುತ್ತಾಳೆ. “ಅತ್ತಿಗೆ ಟ್ರಂಕಿನ ಸದ್ದು ಕೇಳಿದ್ರೇನೇ ನಂಗೆ ತವರಿಗೆ ಬಂದೆ ಅನ್ಸೋದು ಕಣೇ” ಎಂದು ನನ್ನ ಕೆನ್ನೆ ಹಿಂಡುತ್ತಾಳೆ. ನಾನು ಸಣ್ಣವಳಿದ್ದಾಗ ನನಗೆ ಜಡೆ ಹೆಣೆದವಳು, ಈಜು ಕಲಿಸಿದವಳು, ನನ್ನ ಪಾಲಿನ ಪೆಟ್ಟುಗಳನ್ನು ಅಡ್ಡ ಬಂದು ತಿಂದವಳು ಈ ಅತ್ತೆ. ಅವಳ ತಲೆಯ ಮೇಲೆ ಈ ಕಳಂಕ ಕೂತಿದ್ದು ನನಗೆ ಯಾವತ್ತೂ ಸಹಿಸಲಾಗಲಿಲ್ಲ. ಆದರೆ ರಾಗಿಯೊಳಗೆ ಸಿಕ್ಕಿದ ರೂಪಾಯಿಗೆ ನಾನಾದರೂ ಏನು ಉತ್ತರ ಹೇಳಲಿ?

ಇರಲಿ. ನಾಣ್ಯ ತೊಳೆಯುವ ಕೆಲಸಕ್ಕೆ ಬರುತ್ತೇನೆ.

ನಾಣ್ಯಗಳನ್ನು ಟಂಬ್ಲರಿನಲ್ಲಿ ತೊಳೆಯುವವರು ಬೇರೆ ದೇಶಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಲ್ಲಿಗೆ ಹಾಕುವ ಪುಡಿ ನಾಣ್ಯಕ್ಕೆ ಆಗುವುದಿಲ್ಲ, ಮುಖವನ್ನೇ ತಿಂದುಬಿಡುತ್ತದೆ. ಬಿಡಿ ನಾಣ್ಯಗಳ ಜೊತೆ ಸಣ್ಣ ಬೆಣಚುಕಲ್ಲು, ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿ ಓಡಿಸಿದೆ. ಸಂಜೆ ತೆಗೆದು ನೋಡಿದರೆ ಮಣ್ಣು ಹೋಗಿತ್ತು, ಕಪ್ಪು ಹೋಗಿರಲಿಲ್ಲ. ಅಮ್ಮ ಇಣುಕಿ ನೋಡಿ ಮೂಗು ಮುರಿದಳು. “ಹುಣಸೆಹಣ್ಣು ಹಾಕದೆ ಯಾವ ಪಾತ್ರೆ ಬೆಳ್ಳಗಾಯ್ತದೆ? ಇಷ್ಟು ಓದಿ ಇದು ಗೊತ್ತಿಲ್ವಲ್ಲ ನಿಂಗೆ.” ನಾನು ಆಮ್ಲ, ಲೋಹ ಎಂದು ಪಾಠ ಶುರು ಮಾಡಿದೆ. ಅಮ್ಮ ನನ್ನ ಪಾಠವನ್ನು ನನ್ನ ಶಾಲೆಯ ಮಕ್ಕಳು ಕೇಳುವಷ್ಟೇ ಶ್ರದ್ಧೆಯಿಂದ ಕೇಳಿದಳು.

ಮರುದಿನ ನಾನು ಶಾಲೆಗೆ ಹೋದದ್ದೇ ತಡ, ಅಮ್ಮ ಡಬ್ಬದ ಮುಚ್ಚಳ ತೆಗೆದು, ಮುಷ್ಟಿ ಗಾತ್ರದ ಹುಣಸೆಹಣ್ಣು, ಒಂದು ಹಿಡಿ ಉಪ್ಪು ಹಾಕಿ, ಅಳಿಯನ ಕೈಯಲ್ಲಿ ಮುಚ್ಚಳ ಬಿಗಿಸಿ ಸ್ವಿಚ್ಚು ಒತ್ತಿಸಿದ್ದಾಳೆ. ಹತ್ತು ಪೈಸೆಯ ಅಲ್ಯೂಮಿನಿಯಂ, ಹುಳಿ, ಕಿಲುಬು ಎಲ್ಲ ಸೇರಿ ಒಳಗೆ ಗ್ಯಾಸು ತುಂಬಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಡಬ್ಬದ ಮುಚ್ಚಳ ಢಂ ಎಂದು ಹಾರಿ, ವರಾಂಡದ ಗೋಡೆ, ಒಣಗಲು ಹಾಕಿದ್ದ ಬಟ್ಟೆ, ಅಲ್ಲೇ ಪೇಪರ್ ಓದುತ್ತ ಕೂತಿದ್ದ ನನ್ನ ಗಂಡನ ಬಿಳಿ ಬನಿಯನ್, ಎಲ್ಲದರ ಮೇಲೂ ಹುಣಸೆ ಸಾರು. ನಾನು ಬಂದು ನೋಡಿದಾಗ ಗಂಡ ಬಕೆಟ್ಟು ಹಿಡಿದು ಗೋಡೆ ತೊಳೆಯುತ್ತಿದ್ದರು, ಅಮ್ಮ ಏನೂ ಆಗದವಳ ಹಾಗೆ ಟಿವಿ ನೋಡುತ್ತಿದ್ದಳು.

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಡಬ್ಬದಲ್ಲಿ ಉಳಿದಿದ್ದ ನಾಣ್ಯಗಳನ್ನು ತೆಗೆದು ನೋಡಿದ ಮೇಲೆ ನಗು ತಡೆಯಲಾಗಲಿಲ್ಲ. ಹಿತ್ತಾಳೆ ನಾಣ್ಯಗಳ ತಾಮ್ರ ಹುಳಿಯಲ್ಲಿ ಕರಗಿ, ಹೋಗಿ ಉಕ್ಕಿನ ನಾಣ್ಯಗಳನ್ನು ಹಿಡಿದುಕೊಂಡಿತ್ತು. ಘೇಂಡಾಮೃಗದ ಚಿತ್ರದ ನಾಲ್ಕಾಣೆಗಳೆಲ್ಲ ಮದುವಣಗಿತ್ತಿಯರ ಹಾಗೆ ಕೆಂಪೇರಿ ಕೂತಿದ್ದವು. ಅಮ್ಮ ಮಾತ್ರ ಕಮಲದ ಹೂವಿನ ಇಪ್ಪತ್ತು ಪೈಸೆಯೊಂದನ್ನು ಎತ್ತಿ ಹಿಡಿದಳು. ಅದು ಹೊಸದಾಗಿ ಟಂಕಿಸಿದ ಹಾಗೆ ಚಿನ್ನದ ಬಣ್ಣದಲ್ಲಿ ಥಳಥಳಿಸುತ್ತಿತ್ತು. “ನೋಡು. ಹುಣಸೆಹಣ್ಣು” ಎಂದಳು.

ಅಂಟಿಕೊಂಡಿದ್ದ ಆ ನಾಣ್ಯಗಳ ಮುದ್ದೆಯನ್ನು ನಾನು ಯಾರ ಕೈಗೂ ಸಿಗದಂತೆ ಎತ್ತಿಟ್ಟೆ. ಭಾನುವಾರ ಅದನ್ನು ನೀರಿನಲ್ಲಿ ನೆನೆಸಿ, ಈ ಸಲ ಕಲ್ಲಿನ ಬದಲು ತೆಂಗಿನ ಚಿಪ್ಪನ್ನು ಕುಟ್ಟಿ ಸಣ್ಣ ಚೂರು ಮಾಡಿ ಹಾಕಿದೆ. ಚಿಪ್ಪು ಮೆತ್ತಗೆ ಉಜ್ಜುತ್ತದೆ, ಗಾಯ ಮಾಡುವುದಿಲ್ಲ. ಅರಸೀಕೆರೆಯಲ್ಲಿ ಅದಕ್ಕೇನು ಬರವೇ. ಸ್ವಲ್ಪ ಓಡಿಸುವುದು, ನಿಲ್ಲಿಸಿ ನೋಡುವುದು, ಬಿಡಿಸಿಕೊಂಡ ನಾಣ್ಯಗಳನ್ನು ಎತ್ತಿಡುವುದು, ಮತ್ತೆ ಓಡಿಸುವುದು. ಮಣ್ಣಿನ ನೀರು ಚೆಲ್ಲಿ ಚೆಲ್ಲಿ ನನ್ನ ಮಲ್ಲಿಗೆ ಬಳ್ಳಿಗೆ ಅಜೀರ್ಣವಾಗಿರಬೇಕು.

ಮೂರನೆಯದೋ ನಾಲ್ಕನೆಯದೋ ಸಲ ಮುಚ್ಚಳ ತೆಗೆದಾಗ ಮುದ್ದೆ ಎರಡು ಹೋಳಾಗಿತ್ತು. ಒಂದು ಹೋಳಿನಿಂದ ಬೇರೆಲ್ಲಕ್ಕಿಂತ ದೊಡ್ಡದಾದ, ಕಪ್ಪು ಹಿಡಿದ ಒಂದು ಅಂಚು ಹೊರಗೆ ಕಾಣುತ್ತಿತ್ತು. ಉಗುರಿನಲ್ಲಿ ಕೆರೆದೆ. ಬೆಳ್ಳಗಿತ್ತು.

ಮತ್ತೆ ಡಬ್ಬಕ್ಕೆ ಹಾಕಿ, ಬಿಸಿಲಿನಲ್ಲಿ ಆ ಯಂತ್ರದ ಮುಂದೆಯೇ ಕುಕ್ಕರುಗಾಲಿನಲ್ಲಿ ಕೂತೆ. ಗಂಡ ಬಂದು “ಏನು, ಅದಕ್ಕೆ ಲಾಲಿ ಹಾಡ್ತಿದೀಯಾ?” ಎಂದರು. ನಾನು ಕೈಸನ್ನೆ ಮಾಡಿ ಸುಮ್ಮನಿರಿಸಿದೆ. ಕೊನೆಗೆ ತೆಗೆದಾಗ ಅಂಗೈಯಲ್ಲಿ ಒಂದು ಬೆಳ್ಳಿ ರೂಪಾಯಿ ಇತ್ತು. ರಾಜನ ಗಡ್ಡ, ಮೂಗು ಎಲ್ಲ ಇತ್ತು. ಅವನ ಕತ್ತಿನ ಕೆಳಗೆ, ಅಂಚಿನಲ್ಲಿ, ಒಂದು ಸಣ್ಣ ಗಂಟಿತ್ತು.

ಹಾಗಾದರೆ ಅಮ್ಮನ ಡಬ್ಬಿಯಲ್ಲಿ ಇರುವುದು ಏನು? ಅಮ್ಮ ಮಲಗಿದ್ದಳು. ನಾನು ದೇವರ ಮನೆಗೆ ಹೋಗಿ ಡಬ್ಬಿ ತೆಗೆದೆ. ಆ ನಾಣ್ಯದ ಮೇಲೆ ವರ್ಷವರ್ಷದ ಅರಿಶಿನ ಕುಂಕುಮ ಗಾರೆಯ ಹಾಗೆ ಕೂತಿತ್ತು. ಪೂಜೆಯದ್ದು ಎಂದು ಅದನ್ನು ಯಾರೂ ತೊಳೆದವರಲ್ಲ, ಸರಿಯಾಗಿ ನೋಡಿದವರೂ ಅಲ್ಲ. ಅಂಚಿನ ಗಂಟು ಬೆರಳಿಗೆ ಸಿಕ್ಕರೆ ಸಾಕು, ನಮ್ಮದೇ. ಮೆಲ್ಲಗೆ ಅರಿಶಿನ ಕೆರೆದು ನೋಡಿದೆ. ಗಂಟು ರಾಜನ ನೆತ್ತಿಯ ಮೇಲಿತ್ತು. ಈ ರಾಜ ಸರಕ್ಕೆ ಪೋಣಿಸಿದರೆ ನೆಟ್ಟಗೆ ನೇತಾಡುವವನು.

ಅಮ್ಮ ಎದ್ದು ಕಾಫಿ ಕುಡಿದ ಮೇಲೆ ಎರಡನ್ನೂ ಅವಳ ಮುಂದೆ ಇಟ್ಟೆ. ಮೊದಲು ಡಬ್ಬಿ ಮುಟ್ಟಿದ್ದಕ್ಕೆ ಬೈದಳು. ಆಮೇಲೆ ಮರದ ಬುಡದ್ದನ್ನು ಕೈಗೆ ತೆಗೆದುಕೊಂಡಳು. ಕನ್ನಡಕ ಕೇಳಿದಳು. ಹೆಬ್ಬೆರಳಿನಲ್ಲಿ ಆ ಗಂಟನ್ನು ಸವರಿದಳು, ಇನ್ನೊಂದರ ಗಂಟನ್ನು ಸವರಿದಳು, ಮತ್ತೆ ಮೊದಲನೆಯದಕ್ಕೆ ಬಂದಳು.

“ಇದು ನಮ್ಮವ್ವ ಕೊಟ್ಟಿದ್ದು” ಎಂದಳು. ಇನ್ನೊಂದನ್ನು ಬೆರಳಿನಿಂದ ನನ್ನ ಕಡೆ ತಳ್ಳಿ, “ಹಂಗಾರೆ ಇದು ಯಾರದ್ದೇ?” ಎಂದಳು.

ಉತ್ತರ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾಣ್ಯ ಮರದ ಬುಡದಲ್ಲೇ ಇತ್ತೆಂದರೆ ಯಾರೂ ಅದನ್ನು ಕದ್ದಿರಲಿಲ್ಲ. ಕಲಶಕ್ಕೆ ಅಂಟಿಕೊಂಡಂತೆಯೇ ಹೋಗಿ, ನೀರು ಸುರಿಯುವಾಗ ಅರಿಶಿನ ನೆನೆದು ಬಿದ್ದಿದೆ. ಸುರಿದವಳು ಅಮ್ಮ. ಹಿಂತಿರುಗಿ ನೋಡದೆ ಬಂದವಳೂ ಅಮ್ಮ. ರಾಗಿಯೊಳಗೆ ಸಿಕ್ಕಿದ್ದನ್ನು ಅತ್ತೆ ಎಲ್ಲಿಂದಲೋ ತಂದು ಹಾಕಿದ್ದಾಳೆ.

ಆ ಸಂಜೆ ಅಮ್ಮ ಊಟ ಬೇಡವೆಂದಳು. ನನಗೆ ಗೆದ್ದೆ ಎಂಬ ಖುಷಿ ಬರಬೇಕಿತ್ತು, ಬರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಅಮ್ಮ ಸ್ನಾನ ಮಾಡಿ, ಕೈಮಗ್ಗದ ಹೊಸ ಸೀರೆ ಉಟ್ಟು, ಚಪ್ಪಲಿ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದಳು. “ಬೇಲೂರಿಗೆ ಹೋಗ್ಬೇಕು. ರಜಾ ಹಾಕು” ಎಂದಳು. ಫೋನ್ ಮಾಡಲೇ ಎಂದರೆ ಬೇಡವಂತೆ.

ಬಸ್ಸಿನಲ್ಲಿ ಅಮ್ಮ ಆಧಾರ್ ಕಾರ್ಡು ತೋರಿಸಿ ಉಚಿತ ಟಿಕೆಟ್ ತೆಗೆದುಕೊಂಡಳು. ಕರವಸ್ತ್ರದಲ್ಲಿ ಕಟ್ಟಿದ ಎರಡು ನಾಣ್ಯಗಳನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಜಾವಗಲ್ ದಾಟಿದ ಮೇಲೆ ತುಟಿ ಅಲ್ಲಾಡುವುದು ಕಂಡಿತು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಹೇಳಿ ನೋಡುತ್ತಿದ್ದಳು, ಭಾಷಣ ಸ್ಪರ್ಧೆಗೆ ನಿಂತ ನನ್ನ ಶಾಲೆಯ ಹುಡುಗಿಯರ ಹಾಗೆ. ಹಳೇಬೀಡಿನಲ್ಲಿ ಪ್ರವಾಸಿಗರು ಹತ್ತಿ ಬಸ್ಸು ತುಂಬಿತು. ಯಾರೋ ಒಬ್ಬಾಕೆ ಅಮ್ಮನ ಕಾಲು ತುಳಿದು ಸಾರಿ ಅಂದಳು. “ತುಳಿದ್ ತಕ್ಷಣ ಹೇಳಿಬಿಟ್ಲಲ್ಲ, ಪುಣ್ಯಾತ್ಗಿತ್ತಿ” ಎಂದು ಅಮ್ಮ ನನಗೆ ಮಾತ್ರ ಕೇಳುವಂತೆ ಹೇಳಿದಳು.

ಅತ್ತೆ ಅಂಗಳದಲ್ಲಿ ಹಪ್ಪಳ ಹರಡುತ್ತಿದ್ದವಳು ನಮ್ಮನ್ನು ನೋಡಿ ಗಾಬರಿಯಾದಳು. “ಏನ್ ಅತ್ತಿಗೆ, ಹೇಳದೆ ಕೇಳದೆ ಬಂದ್ಬಿಟ್ರಿ? ಎಲ್ಲಾ ಚೆಂದಾಗವ್ರಾ?” ಎಂದಳು. ಅಮ್ಮ ಬಸ್ಸಿನಲ್ಲಿ ಕಟ್ಟಿಕೊಂಡ ಭಾಷಣವೆಲ್ಲ ಮರೆತುಹೋಯಿತು. ಕರವಸ್ತ್ರ ಬಿಚ್ಚಿ, ಹಪ್ಪಳದ ಚಾಪೆಯ ಮೇಲೆ ಎರಡು ನಾಣ್ಯ ಇಟ್ಟು, “ಒಂದು ಮರದ ಬುಡದಲ್ಲಿ ಸಿಕ್ತು” ಎಂದಳು, ಅಷ್ಟೇ.

ಅತ್ತೆ ಬಾಗಿ ನೋಡಿದಳು. ಒಂದನ್ನು ಎತ್ತಿದಳು, ಇನ್ನೊಂದನ್ನು ಎತ್ತಿದಳು. ಆಮೇಲೆ ಅವಳಿಗೆ ನಗು ಬಂತು ನೋಡಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. “ಅಯ್ಯೋ, ಕೊಂಡಿ ಕೆಳಗಿತ್ತಾ! ನಮ್ಮ ಪೇಟೆ ಅಕ್ಕಸಾಲಿ ಗಂಟು ಎಲ್ಲಿಗೆ ಹಾಕ್ಲಿ ಅಂದ. ತಲೆ ಮೇಲೆ ಹಾಕಪ್ಪ, ಇನ್ನೆಲ್ಲಿಗೆ ಹಾಕ್ತಾರೆ ಅಂದೆ. ರಾಜನ್ನ ತಲೆಕೆಳಗಾಗಿ ಯಾರು ನೇತಾಕ್ತಾರೆ ಅತ್ತಿಗೆ?”

ಗಂಡನ ಮನೆಗೆ ಬಂದ ಹೊಸತರಲ್ಲಿ ತನ್ನ ಕಾಲ್ಗೆಜ್ಜೆ ಕೊಟ್ಟು ಅದೇ ಥರದ ಹಳೆಯ ಬೆಳ್ಳಿ ರೂಪಾಯಿ ಸಂಪಾದಿಸಿದ್ದಳಂತೆ. ಗೆಜ್ಜೆ ಎಲ್ಲಿ ಎಂದು ಕೇಳಿದ ಗಂಡನಿಗೆ, ಕಾಲಿಗೆ ಚುಚ್ಚುತ್ತಿತ್ತು ಎಂದಳಂತೆ.

ಅಮ್ಮನಿಗೆ ಆಗ ಕೋಪ ಬಂತು. ಅವಳಿಗೆ ಗೊತ್ತಿರುವುದು ಅದೊಂದೇ ದಾರಿ. “ಬುದ್ಧಿ ಐತೇನೇ ನಿಂಗೆ? ತಗೊಂಡಿಲ್ಲ ಅಂದ್ಮೇಲೆ ಯಾಕೆ ತಂದಿಡ್ಬೇಕಿತ್ತು? ತಂದಿಟ್ಟು ನೀನೇ ಕಳ್ಳಿ ಆದ್ಯಲ್ಲೇ!”

“ಏನ್ಮಾಡ್ಲಿ? ಮರದ ಬುಡದಾಗೆ ಬಿದ್ದಿರ್ತದೆ, ಅಗೆದು ನೋಡಣ ಅಂತ ಅವತ್ತೇ ಬಡ್ಕೊಂಡೆ. ಲಕ್ಷ್ಮಿ ಮರಕ್ಕೆ ಗುದ್ದಲಿ ಹಾಕ್ತೀಯೇನೇ ಅಂತ ನೀವು ನನ್ನ ಮೇಲೆ ಎಗರಿದ್ರಿ” ಎಂದಳು ಅತ್ತೆ. ನಗು ನಿಂತಿತ್ತು. “ತೆಗೆದಿಡು ಅಂದಾಗ ಹೂಂ ಅಂದು ಮರೆತಿದ್ದು ನಾನೇ. ಸುಳ್ಳು ಯಾಕೆ ಹೇಳ್ಲಿ. ಆದ್ರೆ ನೀವು ಮಾತು ಬಿಟ್ಬಿಟ್ರಿ ಅತ್ತಿಗೆ. ಮದುವೆ ಗಲಾಟೆಯಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ. ನನ್ನ ಕಳಿಸಿಕೊಡುವಾಗ ಎಲ್ರೂ ತಬ್ಬಿಕೊಂಡು ಅತ್ರು, ನೀವು ಒಳಗೆ ಪಾತ್ರೆ ಜೋಡಿಸ್ತಿದ್ರಿ. ಕಳ್ಳಿ ಅಂದ್ಕೊಂಡ್ರೆ ಅಂದ್ಕೊಳ್ಳಲಿ, ಮಾತಾಡಿದ್ರೆ ಸಾಕು ಅನ್ನಿಸ್ತು. ರೂಪಾಯಿ ಸಿಕ್ಕ ಮೇಲೆ ಮಾತಾಡಿದ್ರಲ್ಲ ನೀವು.”

ಅಮ್ಮ ಚಾಪೆಯ ಅಂಚಿನಲ್ಲಿ ಹಪ್ಪಳದ ಪಕ್ಕ ಕುಸಿದು ಕೂತಳು. ಕೂತು, ಅತ್ತೆಯ ಕಾಲನ್ನು, ಗೆಜ್ಜೆ ಇಲ್ಲದ ಆ ಹಿಮ್ಮಡಿ ಬಿರಿದ ಕಾಲನ್ನು, ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅತ್ತಿಗೆಯಾದವಳು ಚಿಕ್ಕವಳ ಕಾಲು ಹಿಡಿಯುವುದೆಂದರೇನು! ಅತ್ತೆ “ಬಿಡ್ರಿ, ಬಿಡ್ರಿ” ಎಂದು ಕಾಲು ಎಳೆದುಕೊಳ್ಳಲು ಹೋಗಿ ಅರ್ಧ ಹಪ್ಪಳ ತುಳಿದಳು. “ತಪ್ಪಾಯ್ತು ಕಣೇ” ಎಂದಳು ಅಮ್ಮ. ನನ್ನ ಅಮ್ಮನ ಬಾಯಲ್ಲಿ ಆ ಮಾತು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ. ಮೂವರೂ ಅತ್ತೆವು, ಆಮೇಲೆ ತುಳಿದ ಹಪ್ಪಳವನ್ನೇ ಸುಟ್ಟು ತಿಂದೆವು.

ಹೊರಡುವಾಗ ಅಮ್ಮ ತನ್ನ ತಾಯಿ ಕೊಟ್ಟ ನಾಣ್ಯವನ್ನು ಅತ್ತೆಯ ಕೈಗೆ ಕೊಟ್ಟಳು. ಅತ್ತೆ ಬೇಡವೆಂದು ಜಗಳ ಮಾಡಿದಳು. “ಇಷ್ಟು ವರ್ಷ ನಾನು ಕೈ ಮುಗಿದಿದ್ದು ನಿನ್ನ ಗೆಜ್ಜೆಗೆ. ಲಕ್ಷ್ಮಿ ಬಂದು ಕೂತಿರೋದೂ ಅದ್ರಾಗೆ. ಅದು ನನ್ನತ್ರ ಇರ್ಲಿ, ತಲೆಕೆಳಗಾದವನನ್ನ ನೀನು ಸಾಕು” ಎಂದು ಅಮ್ಮ ಮಾತು ಮುಗಿಸಿ ಬಸ್‌ಸ್ಟಾಂಡಿನ ಕಡೆ ಹೊರಟೇಬಿಟ್ಟಳು.

ಈ ವರ್ಷದ ವರಮಹಾಲಕ್ಷ್ಮಿಗೆ ಅತ್ತೆ ಎರಡು ದಿನ ಮೊದಲೇ ಅರಸೀಕೆರೆಗೆ ಬಂದಳು. ಟ್ರಂಕಿನ ಸದ್ದು ಕೇಳಲಿಲ್ಲ. ಪೂಜೆ ಡಬ್ಬಿ ದೇವರ ಮುಂದೆಯೇ ಬಾಯಿ ತೆರೆದುಕೊಂಡು ಕೂತಿತ್ತು. ಮನೆಯ ಹಿಂದೆ ಟಂಬ್ಲರಿನ ವರಾಂಡದ ಆಚೆ ನನ್ನ ಗಂಡ ಒಂದು ತೆಂಗಿನ ಸಸಿ ನೆಟ್ಟಿದ್ದರು, ಹೊಸ ಲಕ್ಷ್ಮಿ ಮರ. ಹಬ್ಬದ ದಿನ ಅತ್ತೆಯೇ ಕಲಶಕ್ಕೆ ಅರಿಶಿನ ಒತ್ತಿ, ನೆಟ್ಟಗೆ ನಿಂತ ರಾಜನನ್ನು ಅಂಟಿಸಿದಳು.

ಮಾರನೆಯ ಬೆಳಗ್ಗೆ ಅಡುಗೆಮನೆಯಲ್ಲಿ ಇಬ್ಬರೂ ಯಾರದೋ ಮದುವೆಯ ಊಟದ ವಿಚಾರ ಹರಟುತ್ತಿದ್ದರು. ಮಾತಿನ ನಡುವೆ ಅಮ್ಮ, “ನೀರು ಹುಯ್ಯೋಕೆ ಹೋಗ್ತೀನಿ, ನಾಣ್ಯ ತೆಗೆದಿಡೇ” ಎಂದಳು. ಅತ್ತೆ “ಹೂಂ” ಎಂದಳು. ಎಂದವಳು ಒಲೆಯ ಮೇಲಿನ ಹಾಲು ಉಕ್ಕಿತೆಂದು ಅತ್ತ ಓಡಿದಳು.

ಅಮ್ಮ ಕಲಶ ಎತ್ತಿಕೊಂಡು ಹಿತ್ತಲಿಗೆ ಹೊರಟಾಗ ನಾನು ಬಾಗಿಲಲ್ಲಿದ್ದೆ. ಕಲಶದ ಹೊಟ್ಟೆಯ ಮೇಲೆ ರಾಜ ಹಾಗೆಯೇ ಅಂಟಿಕೊಂಡಿದ್ದ. ನಾನು ಬಾಯಿ ತೆರೆದೆ. ಅಮ್ಮ ನನ್ನ ಕಣ್ಣು ಹೋದ ಕಡೆ ನೋಡಿ, ಬಾಯಿ ಮುಚ್ಚು ಎಂದು ಹುಬ್ಬು ಗಂಟಿಕ್ಕಿದಳು.

“ಸುಮ್ನಿರೇ” ಎಂದಳು ಮೆಲ್ಲಗೆ, ಅಡುಗೆಮನೆಗೆ ಕೇಳದ ಹಾಗೆ. “ಬಿದ್ರೆ ಎಲ್ಲಿ ಬಿದ್ದಿರ್ತದೆ ಅಂತ ಗೊತ್ತೈತಲ್ಲ.”

ಸಸಿಯ ಬುಡಕ್ಕೆ ನೀರು ಸುರಿದು, ಹಿಂತಿರುಗಿ ನೋಡದೆ ಬಂದಳು.